ಇಟಗಿಯವರು ಕೇಳಿಸಿಕೊಂಡ ಮಾತು

ಬಯಲುಸೀಮೆಯ ಒಂದು ಊರಿನ ಹೊರಗೆ, ಗುಡ್ಡದ ಇಳಿಜಾರಿನಲ್ಲಿ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಸಂಗನಬಸಪ್ಪ ಇಟಗಿ ಎಂಬ ಪ್ರಾಧ್ಯಾಪಕರಿದ್ದರು. ಬಹಳ ವರ್ಷ ಸಸ್ಯಶಾಸ್ತ್ರ ಕಲಿಸಿದ ಅವರನ್ನು ಆಮೇಲೆ ಅನುದಾನ ಕಚೇರಿಯ ಮುಖ್ಯಸ್ಥರನ್ನಾಗಿ ಮಾಡಿದರು.

ಅನುದಾನ ಕಚೇರಿ ಅಂದರೆ ಏನು ಎಂದು ಮಕ್ಕಳು ಕೇಳಬಹುದು. ಅಧ್ಯಾಪಕರು ಹೊಸದೇನನ್ನಾದರೂ ಹುಡುಕಲು ಹೊರಟರೆ ಅದಕ್ಕೆ ಖರ್ಚಿದೆ. ಆ ಖರ್ಚಿಗೆ ದೆಹಲಿಗೋ ಬೆಂಗಳೂರಿಗೋ ಅರ್ಜಿ ಹಾಕಬೇಕು. ಅರ್ಜಿ ಬರೆಯಲು ನೆರವಾಗುವುದು, ಗಡುವು ಮೀರುವ ಮೊದಲು ಅದನ್ನು ಅಂಚೆಗೆ ಹಾಕುವುದು ಆ ಕಚೇರಿಯ ಕೆಲಸ.

ಅದು ಟೈಪ್‌ರೈಟರ್ ಕಾಲ. ಕಚೇರಿಯ ಹತ್ತಿರ ಬರುತ್ತಿದ್ದಂತೆ ಅಚ್ಚುಮೊಳೆಗಳ ಟಕಟಕ ಸದ್ದು ಕೇಳುತ್ತಿತ್ತು. ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಶಾಯಿಯ ವಾಸನೆ ಕಾರಿಡಾರಿನ ತುದಿಯವರೆಗೂ ಬರುತ್ತಿತ್ತು. ಹೊರಗೆ ಬೇವಿನ ಮರಗಳ ಸಾಲು. ಮಧ್ಯಾಹ್ನದ ಪಾಠ ಮುಗಿಸಿದ ಮೇಷ್ಟ್ರುಗಳು ಆ ನೆರಳಿನಲ್ಲಿ ಸೈಕಲ್ ತಳ್ಳಿಕೊಂಡು, ಮಾತಾಡಿಕೊಂಡು ಕ್ಯಾಂಟೀನಿನ ಕಡೆ ಹೋಗುತ್ತಿದ್ದರು. ಅರ್ಜಿ ಮಂಜೂರಾಯಿತು ಎಂದು ಯಾರಿಗಾದರೂ ತಂತಿ ಬಂದರೆ ಅವತ್ತು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ. ಒಬ್ಬರ ಸಂತೋಷವನ್ನು ಎಲ್ಲರೂ ತಿನ್ನುತ್ತಿದ್ದ ಕಾಲ ಅದು. ಈಗ ನೆನೆದರೂ ಬಾಯಲ್ಲಿ ಆ ಖಾರ ಬರುತ್ತದೆ.

ಇಟಗಿಯವರು ಒಳ್ಳೆಯ ಮನುಷ್ಯರು. ಆದರೆ ನಿಯಮದ ವಿಷಯದಲ್ಲಿ ಬಹಳ ಬಿಗಿ. ಅದಕ್ಕೊಂದು ಕಾರಣವಿತ್ತು. ವಯಸ್ಸಿನಲ್ಲಿದ್ದಾಗ ಅವರು ಹುಲ್ಲುಗಾವಲಿನ ಹುಲ್ಲುಗಳ ಬಗ್ಗೆ ಕೆಲಸ ಮಾಡಲು ಒಂದು ಅರ್ಜಿ ಹಾಕಿದ್ದರು. ಒಂದು ಸಹಿ ಬಿಟ್ಟುಹೋಗಿದೆ ಎಂದು ಅದು ದೆಹಲಿಯಿಂದ ವಾಪಸು ಬಂದಿತ್ತು. ಆ ನೋವು ಅವರಿಗೆ ಮರೆತಿರಲಿಲ್ಲ. ನಮ್ಮ ಕ್ಯಾಂಪಸ್ಸಿನಿಂದ ಹೋದ ಒಂದು ಕಾಗದವೂ ಇನ್ನು ಮುಂದೆ ತಪ್ಪಿಗಾಗಿ ತಿರುಗಿ ಬರಬಾರದು ಎಂದು ಅವರು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದರು. ಹಾಗಾಗಿ ಅರ್ಜಿ ಬಂದರೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಅಂಚಿನಲ್ಲಿ ಜಾಗ ಕಡಿಮೆಯಾದರೆ ವಾಪಸು. ಮೊಹರು ಓರೆಯಾದರೆ ವಾಪಸು. ದೆಹಲಿಯಿಂದ ಕಾಗದ ತಿರುಗಿ ಬರುವುದು ನಿಜವಾಗಿಯೂ ನಿಂತಿತು. ಆದರೆ ದೆಹಲಿಗೆ ಹೋಗುವ ಕಾಗದಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾದವು.

ಇದು ಕುಲಪತಿಗಳ ಗಮನಕ್ಕೆ ಬಂತು. ಅವರು ಇಟಗಿಯವರನ್ನು ಕರೆಸಿ, ಕಚೇರಿಯ ಬಗ್ಗೆ ಅಧ್ಯಾಪಕರಿಗೆ ಏನನ್ನಿಸುತ್ತದೆ ಎಂದು ಕೇಳಿ ತಿಳಿಸಿ, ಸುಧಾರಿಸುವುದಿದ್ದರೆ ಸುಧಾರಿಸೋಣ ಎಂದರು.

ಇಟಗಿಯವರು ಮನಸ್ಸಿಟ್ಟು ಆ ಕೆಲಸ ಮಾಡಿದರು. ಅಭಿಪ್ರಾಯ ಪತ್ರವನ್ನು ತಾವೇ ತಯಾರಿಸಿ, ಸೈಕ್ಲೋಸ್ಟೈಲ್ ಮಾಡಿಸಿ, ಎಲ್ಲ ವಿಭಾಗಗಳಿಗೂ ಕಳಿಸಿದರು. ಕೆಳಗೆ ಹೆಸರು ಬರೆದು ಸಹಿ ಹಾಕಬೇಕು, ವಿಭಾಗದ ಮುಖ್ಯಸ್ಥರ ಮೂಲಕವೇ ಹಿಂದಿರುಗಿಸಬೇಕು ಎಂದು ಸೂಚನೆ ಕೊಟ್ಟರು. ಪತ್ರಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದವು. ಎಲ್ಲದರಲ್ಲೂ ಒಂದೇ ಮಾತು: ತೃಪ್ತಿಕರ.

ಇಟಗಿಯವರಿಗೆ ಎದೆ ತುಂಬಿ ಬಂತು. ಕುಲಪತಿಗಳಿಗೂ ಸಮಾಧಾನವಾಯಿತು. ಆದರೆ ಆ ವರ್ಷ ಅರ್ಜಿಗಳು ಇನ್ನೂ ಕಡಿಮೆಯಾದವು. ಕಚೇರಿ ಸರಿಯಿದೆ, ಈಗಿನ ಅಧ್ಯಾಪಕರಲ್ಲೇ ಹುರುಪಿಲ್ಲ ಎಂದು ಇಟಗಿಯವರು ಅಂದುಕೊಂಡರು.

ಅವರಿಗೊಬ್ಬ ಹಳೆಯ ಗೆಳೆಯರಿದ್ದರು. ಭೌತಶಾಸ್ತ್ರದ ದಸ್ತಗೀರ ಮುಲ್ಲಾ. ಇಬ್ಬರೂ ಸಂಜೆ ಬೇವಿನ ಸಾಲಿನಲ್ಲಿ ತಿರುಗಾಡುವುದು ರೂಢಿ. ಒಂದು ಸಂಜೆ ಇಟಗಿಯವರು ಅಭಿಪ್ರಾಯ ಪತ್ರಗಳ ಸುದ್ದಿಯನ್ನು ಹೆಮ್ಮೆಯಿಂದ ಹೇಳಿದರು. ಮುಲ್ಲಾ, ಕನ್ನಡ ವಿಭಾಗದ ನೀಲಾಂಬಿಕಾ ಸವಡಿ ನಿಮ್ಮ ಕಚೇರಿಯ ಕಡೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದರು. ಇಟಗಿಯವರಿಗೆ ನೆನಪಾಗಲಿಲ್ಲ.

"ಆ ಹೆಣ್ಣುಮಗಳು ಯಾಕ ಬರವಲ್ಲಳು ಅಂತ ಒಮ್ಮೆ ನೀವ ಹೋಗಿ ಕೇಳ್ರಿ," ಎಂದರು ಮುಲ್ಲಾ. "ಕಾಗದಾ ಒಯ್ಯಬ್ಯಾಡ್ರಿ."

ಮರುದಿನ ಮಧ್ಯಾಹ್ನ ಇಟಗಿಯವರು ಕನ್ನಡ ವಿಭಾಗದ ಮೆಟ್ಟಿಲು ಹತ್ತಿದರು. ನೀಲಾಂಬಿಕಾ ಅವರಿಗೆ ಆಶ್ಚರ್ಯವಾಯಿತು. ಅನುದಾನ ಕಚೇರಿಯ ಮುಖ್ಯಸ್ಥರು ಅಧ್ಯಾಪಕರ ಕೋಣೆಗೆ ಬಂದದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿದರು. ಈಚೆಗೆ ಯಾಕೆ ಅರ್ಜಿ ಹಾಕಿಲ್ಲ ಎಂದು ಇಟಗಿಯವರು ಕೇಳಿದರು. ಪಾಠಗಳೇ ಬಹಳ ಇವೆ, ಸಮಯ ಸಿಕ್ಕಿಲ್ಲ ಎಂದು ಅವರು ನಯವಾಗಿ ಹೇಳಿದರು. ಕಚೇರಿಯಿಂದ ಏನೂ ತೊಂದರೆ ಇಲ್ಲವಲ್ಲ ಎಂದರೆ, ಏನೂ ಇಲ್ಲ ಎಂದರು.

ಇಟಗಿಯವರು ಏಳಲಿಲ್ಲ. ಚಹಾ ಮುಗಿದರೂ ಕೂತೇ ಇದ್ದರು. ಕೊನೆಗೆ ನೀಲಾಂಬಿಕಾ, ನದಿಗೆ ಕಟ್ಟಿದ ಹೊಸ ಅಣೆಕಟ್ಟಿನ ವಿಷಯ ಎತ್ತಿದರು. ಅದರ ಹಿನ್ನೀರಿನಲ್ಲಿ ಮುಳುಗಲಿದ್ದ ಹಳ್ಳಿಗಳಿಗೆ ಹೋಗಬೇಕೆಂದು ಅವರೊಂದು ಅರ್ಜಿ ಬರೆದಿದ್ದರು. ಆ ಹಳ್ಳಿಗಳಲ್ಲಿ ಒಂದೊಂದು ಹೊಲಕ್ಕೂ ಒಂದು ಹೆಸರಿತ್ತು. ಗುಬ್ಬಿಪಟ್ಟಿ, ಸೊಸಿ ಹೊಲ, ಹಾಲಬಾವಿ ಎರಿ, ಕುರುಡಜ್ಜನ ದಿನ್ನಿ. ಸರಕಾರಿ ದಾಖಲೆಯಲ್ಲಿ ಬರೀ ಸರ್ವೆ ನಂಬರು. ಹೆಸರುಗಳು ಜನರ ಬಾಯಲ್ಲಿ ಮಾತ್ರ. ನೀರು ಬರುವ ಮೊದಲು ಆ ಹೊಲಗಳಲ್ಲೇ ನಿಂತು, ಹಳಬರ ಬಾಯಿಂದ ಹೆಸರನ್ನೂ ಅದರ ಹಿಂದಿನ ಕಥೆಯನ್ನೂ ಕೇಳಿ ಬರೆದುಕೊಳ್ಳಬೇಕೆಂಬುದು ಅವರ ಆಸೆಯಾಗಿತ್ತು.

ಅರ್ಜಿ ಮೊದಲು ಅಂಚಿನ ಅಳತೆಗಾಗಿ ವಾಪಸು ಬಂತು, ಆಮೇಲೆ ಮೊಹರಿಗಾಗಿ ಎಂದು ನೀಲಾಂಬಿಕಾ ಹೇಳುತ್ತಿದ್ದರು. ಅಷ್ಟರಲ್ಲಿ ಇಟಗಿಯವರು ನಡುವೆ ಬಾಯಿ ಹಾಕಿದರು. ಮೊಹರಿಲ್ಲದ ಅರ್ಜಿಯನ್ನು ಕಳಿಸುವಂತಿಲ್ಲ, ಅದು ಎಲ್ಲರಿಗೂ ಒಂದೇ ನಿಯಮ, ಅದರ ಹಿಂದೆ ಕಾರಣವಿದೆ ಎಂದು ವಿವರಿಸತೊಡಗಿದರು.

ನೀಲಾಂಬಿಕಾ ತಟ್ಟನೆ ತಮ್ಮ ಮಾತು ನಿಲ್ಲಿಸಿದರು. "ಹೌದ್ರಿ ಸರ್, ನಿಯಮ ಅದ," ಎಂದು ಸಣ್ಣಗೆ ನಕ್ಕು, ಮೇಜಿನ ಮೇಲಿನ ಉತ್ತರಪತ್ರಿಕೆಗಳನ್ನು ಜೋಡಿಸತೊಡಗಿದರು.

ಇಟಗಿಯವರು ಆ ನಗುವನ್ನು ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ, ನಿರೀಕ್ಷೆಯೂ ಇರಲಿಲ್ಲ. ಅಷ್ಟೊಂದು ಕಾಗದಗಳ ಮೇಲೆ ತೃಪ್ತಿಕರ ಎಂದು ಬರೆದ ಕೈಗಳ ಹಿಂದೆ ಇಂಥದೇ ನಗು ಇದ್ದಿರಬೇಕು ಎಂದು ಅವರಿಗೆ ಆಗ ಹೊಳೆಯಿತು. ಇನ್ನೊಂದು ಮಾತು ಸಮರ್ಥನೆಗೆ ಆಡಿದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದೂ ಅನ್ನಿಸಿತು.

"ನಡುವ ಮಾತಾಡಿದ್ದು ನನ್ನ ತಪ್ಪು," ಎಂದರು. "ನೀವು ಪೂರಾ ಹೇಳ್ರಿ ಮೇಡಂ. ನಾ ಇವತ್ತ ಉತ್ತರಾ ಕೊಡಾಕ ಬಂದಿಲ್ಲ."

ನೀಲಾಂಬಿಕಾ ಉತ್ತರಪತ್ರಿಕೆಗಳನ್ನು ಬದಿಗಿಟ್ಟು, ಉಳಿದದ್ದನ್ನು ಹೇಳಿದರು. ಮೊಹರು ಹಾಕಬೇಕಾದ ವಿಭಾಗದ ಮುಖ್ಯಸ್ಥರು ರಜೆಯಲ್ಲಿದ್ದರು. ಅವರು ಬರುವಷ್ಟರಲ್ಲಿ ಆ ವರ್ಷದ ಗಡುವು ಮುಗಿದಿತ್ತು. ಮುಂದಿನ ಮಳೆಗಾಲಕ್ಕೆ ನೀರು ಬಂತು. ಊರುಗಳು ಖಾಲಿಯಾದವು. ಎಲ್ಲ ಹೊಲಗಳ ಹೆಸರನ್ನೂ ಹಾಡಿನಂತೆ ಹೇಳುತ್ತಿದ್ದ ಶಿವಗಂಗವ್ವ ಎಂಬ ಮುದುಕಿ, ಹೊಸ ಊರಿಗೆ ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡರು.

"ಗಡುವು ಮುಗಿಯೂಕಿಂತ ಮೊದಲ ನಿಮ್ಮ ಹತ್ರ ಬಂದಿದ್ದೆ ಸರ್," ಎಂದರು ನೀಲಾಂಬಿಕಾ. "ಉಳಿದವರಿಗೆ ಇಲ್ಲದ ತೊಂದರಿ ನಿಮಗೊಬ್ಬರಿಗೇ ಯಾಕ ಅಂತ ಕೇಳಿದ್ರಿ. ಆವಾಗಿಂದ ನಾ ಏನೂ ಹೇಳೋದು ಬಿಟ್ಟೆ."

ಹಾಗೆ ಕೇಳಿದ್ದು ಇಟಗಿಯವರಿಗೆ ನೆನಪೇ ಇರಲಿಲ್ಲ. ಅದೇ ಅವರನ್ನು ಹೆಚ್ಚು ನೋಯಿಸಿತು. ಒಂದು ಸಹಿಯಿಂದ ತಮ್ಮ ಕೆಲಸ ಕೆಟ್ಟ ನೋವನ್ನು ಜೀವನವಿಡೀ ಹೊತ್ತವರು, ಒಂದು ಮೊಹರಿನಿಂದ ಇನ್ನೊಬ್ಬರ ಕೆಲಸ ಕೆಡಿಸಿದ್ದರು. ಅವರು ಕೈಮುಗಿದು ಎದ್ದರು.

ಅಂದಿನಿಂದ ಇಟಗಿಯವರು ಒಂದು ಹೊಸ ರೂಢಿ ಹಾಕಿಕೊಂಡರು. ದಿನವೂ ಊಟದ ನಂತರ ಒಂದೊಂದು ವಿಭಾಗಕ್ಕೆ ಹೋಗುತ್ತಿದ್ದರು. ಜವಾನನಿಲ್ಲ, ಕೆಂಪು ಪೆನ್ನಿಲ್ಲ. ಹೋಗಿ ಕೂತು, ಕೇಳುತ್ತಿದ್ದರು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ತಾವು ಏನು ಹೇಳಿದರೂ ಇವರು ತಿರುಗಿ ಮಾತಾಡುವುದಿಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಶುರುಮಾಡಿದರು. ಗಡುವಿನ ನೋಟೀಸನ್ನು ಕಚೇರಿಯ ಒಳಗಿನ ಗೋಡೆಗೆ ಅಂಟಿಸುತ್ತೀರಿ, ನಮಗೆ ಗೊತ್ತಾಗುವುದು ಹೇಗೆ ಎಂದು ರಸಾಯನಶಾಸ್ತ್ರದವರು ಕೇಳಿದರು. ಕನ್ನಡದಲ್ಲಿ ಯೋಚಿಸುವ ನಮಗೆ ಇಂಗ್ಲಿಷಿನ ಅರ್ಜಿಯೇ ದೊಡ್ಡ ಬೆಟ್ಟ, ನೀವು ಅದರ ಮೇಲೆ ಕೆಂಪು ಗೆರೆ ಎಳೆಯುತ್ತೀರಿ, ತಿದ್ದಿಕೊಡುವುದಿಲ್ಲ ಎಂದು ಜಾನಪದದವರು ಹೇಳಿದರು. ಹೊಸದಾಗಿ ಸೇರಿದ ಒಬ್ಬ ಅಧ್ಯಾಪಕ, ಎಲ್ಲರೆದುರು ನೀವು ನನ್ನ ತಪ್ಪುಗಳನ್ನು ಗಟ್ಟಿಯಾಗಿ ಓದಿದ ದಿನದಿಂದ ಆ ಕಾರಿಡಾರಿನಲ್ಲೇ ನಡೆದಿಲ್ಲ ಎಂದ.

ಎಲ್ಲ ಮಾತುಗಳೂ ನ್ಯಾಯವಾಗಿರಲಿಲ್ಲ. ಕೆಲವರು ತಮ್ಮ ಸೋಮಾರಿತನವನ್ನೂ ಕಚೇರಿಯ ತಲೆಗೆ ಕಟ್ಟಿದರು. ಇಟಗಿಯವರಿಗೆ ಬಹಳ ಸಲ ಮುಖ ಕೆಂಪಾಯಿತು. ಅಂಥ ದಿನ ಅವರು ಸಂಜೆ ಬೇವಿನ ಸಾಲನ್ನು ಎರಡೆರಡು ಸಲ ಸುತ್ತುತ್ತಿದ್ದರು. ಮುಲ್ಲಾ ಕೂಡ ಜೊತೆಗೆ ನಡೆಯುತ್ತಿದ್ದರು.

ನಿಧಾನಕ್ಕೆ ಕಚೇರಿ ಬದಲಾಯಿತು. ನೋಟೀಸುಗಳು ಕ್ಯಾಂಟೀನಿನ ಗೋಡೆಗೆ ಬಂದವು. ಅರ್ಜಿಯ ಕರಡನ್ನು ಪೆನ್ಸಿಲಿನಲ್ಲಿ ಬರೆದು ತಂದರೂ ಸಾಕು, ಪಕ್ಕದಲ್ಲಿ ಕೂತು ತಿದ್ದಿಕೊಡುವ ಏರ್ಪಾಡಾಯಿತು. ಇಂಗ್ಲಿಷ್ ವಿಭಾಗದವರು ಸರದಿಯ ಮೇಲೆ ಬಂದು ನೆರವಾದರು. ವಿಭಾಗದ ಮುಖ್ಯಸ್ಥರು ರಜೆಯಲ್ಲಿದ್ದರೆ ಇಟಗಿಯವರೇ ಸಹಿ, ಮೊಹರು ಹಾಕಿ ಕಳಿಸಲು ಕುಲಪತಿಗಳಿಂದ ಅನುಮತಿ ಪಡೆದರು. ಬದಲಾವಣೆಯಾದ ಮೇಲೆ ಅದನ್ನು ಹೇಳಿದವರ ಕೋಣೆಗೇ ಮತ್ತೆ ಹೋಗಿ, ನಿಮ್ಮ ಮಾತಿನಿಂದ ಹೀಗಾಯಿತು ಎಂದು ತಿಳಿಸುತ್ತಿದ್ದರು. ಆಗದೇ ಇದ್ದದ್ದನ್ನೂ, ಯಾಕೆ ಆಗಲಿಲ್ಲ ಎಂದು ಹೋಗಿ ಹೇಳುತ್ತಿದ್ದರು.

ನೀಲಾಂಬಿಕಾ ಅವರ ಬಳಿಗೂ ಮತ್ತೆ ಹೋದರು. ಹೊಲಗಳು ನೀರಿನಲ್ಲಿದ್ದರೂ ಜನ ಇದ್ದಾರಲ್ಲ, ಇನ್ನೊಂದು ಅರ್ಜಿ ಬರೆಯೋಣ ಎಂದು ಕೇಳಿಕೊಂಡರು. ಅವರು ಬೇಗ ಒಪ್ಪಲಿಲ್ಲ. ಒಪ್ಪಿದ ಮೇಲೆ ಇಬ್ಬರೂ ಕೂತು ಬರೆದರು. ಅರ್ಜಿ ಮಂಜೂರಾಗಿ ತಂತಿ ಬಂದ ದಿನ ಕ್ಯಾಂಟೀನಿನಲ್ಲಿ ಬಹಳ ದಿನಗಳ ಮೇಲೆ ಭಜಿಯ ವಾಸನೆ ಎದ್ದಿತು.

ನೀಲಾಂಬಿಕಾ ಟೇಪ್ ರೆಕಾರ್ಡರ್ ಹಿಡಿದು ಪುನರ್ವಸತಿ ಊರುಗಳಿಗೆ ಹೋದರು. ಒಮ್ಮೆ ಇಟಗಿಯವರೂ ಜೊತೆಗೆ ಹೋಗಿದ್ದರು. ತಗಡಿನ ಮನೆಗಳ ಮುಂದೆ ಹಳಬರೆಲ್ಲ ಸೇರಿದ್ದರು. ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಅದರ ಪಕ್ಕದ ಹೊಲದ ಹೆಸರು ಹೇಳುತ್ತಿದ್ದರು. ನೀರಿನ ಅಡಿಯ ಊರು ಮಾತಿನಲ್ಲಿ ಮೇಲೆದ್ದು ಬರುತ್ತಿತ್ತು. ಹೆಂಗಸರು ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ಹೊಲದ ಹತ್ತಿರ ಬಂದಾಗ ಮಾತು ನಿಂತಿತು. ಹಳ್ಳದ ಆಚೆಯ ಆ ಹೊಲದ ಹೆಸರು ಯಾರಿಗೂ ನೆನಪಾಗಲಿಲ್ಲ. ಅದನ್ನು ಉತ್ತ ಮುದುಕನೇ ಎದುರಿಗೆ ಕೂತಿದ್ದ. ಹಣೆ ಒತ್ತಿಕೊಂಡು ಬಹಳ ಹೊತ್ತು ಯೋಚಿಸಿದ. ಕೊನೆಗೆ, "ಶಿವಗಂಗವ್ವ ಇದ್ದಿದ್ರ ಹೇಳ್ತಿದ್ಲು," ಎಂದ.

ಇಟಗಿಯವರು ತಲೆ ತಗ್ಗಿಸಿ ಕೂತರು. ತಿದ್ದಿಕೊಂಡರೂ ತಿರುಗಿ ಬಾರದ್ದು ಇದೆ ಎಂದು ಅವರಿಗೆ ಅಲ್ಲಿ ತಿಳಿಯಿತು.

ಆ ವರ್ಷದ ಕೊನೆಗೆ ಮತ್ತೆ ಅಭಿಪ್ರಾಯ ಕೇಳಲಾಯಿತು. ಈ ಸಲ ಹೆಸರು ಬರೆಯಬೇಕಾಗಿರಲಿಲ್ಲ. ಆದರೂ ಬಹಳ ಜನ ಹೆಸರು ಹಾಕಿಯೇ ಬರೆದಿದ್ದರು. ಅದು ಸರಿಯಿಲ್ಲ, ಇದು ತಡವಾಯಿತು, ಇದನ್ನು ಹೀಗೆ ಮಾಡಿ ಎಂದು ಪುಟದ ತುಂಬ ತಕರಾರು. ತೃಪ್ತಿಕರ ಎಂಬ ಒಂದೇ ಮಾತಿನ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ.

ಕುಲಪತಿಗಳು ಓದಿ ಗಾಬರಿಯಾದರು. ಇಟಗಿಯವರನ್ನು ಕರೆಸಿ, ಹಿಂದೆ ಎಲ್ಲರೂ ತೃಪ್ತರಾಗಿದ್ದರು, ಈಗ ಎಲ್ಲರೂ ದೂರುತ್ತಿದ್ದಾರೆ, ನಿಮ್ಮ ಕಚೇರಿ ಇಷ್ಟು ಕೆಟ್ಟದ್ದು ಹೇಗೆ ಎಂದು ಕೇಳಿದರು.

ಇಟಗಿಯವರು ಆ ಕಾಗದಗಳನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿಕೊಂಡರು.

"ಕೆಟ್ಟಿಲ್ರಿ ಸರ್," ಎಂದರು. "ಆವಾಗ ಅವರು ನಮ್ಮ ಆಸೆ ಬಿಟ್ಟಿದ್ರು. ಈಗ ಹೇಳಿದ್ರ ಕೇಳ್ತಾರ ಅನ್ನೋ ನಂಬಿಕಿ ಬಂದದ."

ಮಕ್ಕಳೇ, ದೊಡ್ಡವರೇ, ಈ ಕಥೆಯಿಂದ ಕಲಿಯಬೇಕಾದ ನೀತಿ ಇದು: ಅಭಿಪ್ರಾಯ ಕೇಳುವುದು ಸುಲಭ, ಅದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ಕಷ್ಟ. ನಮ್ಮೆದುರು ಎಲ್ಲರೂ ಎಲ್ಲವೂ ಸರಿಯಿದೆ ಎನ್ನುತ್ತಿದ್ದರೆ, ಹೇಳಿ ಪ್ರಯೋಜನವಿಲ್ಲ ಎಂದು ಅವರು ಸುಮ್ಮನಾಗಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ತಪ್ಪನ್ನು ಮುಖಕ್ಕೆ ಹೇಳುವವರು ನಮ್ಮ ಮೇಲೆ ಇನ್ನೂ ಭರವಸೆ ಇಟ್ಟುಕೊಂಡವರು.