ನಿದ್ದೆಗೂ ಹೋಗದ ಸುಸ್ತು

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿಯ ಗುರುವನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯೆ ಚಾರುಮತಿ. ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಅವಳ ತಲೆಗೆ ಪೆಟ್ಟಾಗಿತ್ತು. ಆ ಪೆಟ್ಟಿಗೆ ಸಂಬಂಧವಿಲ್ಲದೆ, ಕೆಲವು ವರ್ಷಗಳ ಮೇಲೆ ನರಗಳ ಕಾಯಿಲೆಯೂ ಬಂತು. ಡಾಕ್ಟರು ಅದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಹೇಳಿದರು. ಯಾರಾದರೂ ಕೇಳಿದರೆ ಅವಳು ಸುಸ್ತು ಎಂದಷ್ಟೇ ಹೇಳುತ್ತಿದ್ದಳು.

ಎಷ್ಟು ನಿದ್ದೆ ಮಾಡಿದರೂ ಹೋಗದ ಸುಸ್ತು.

ಒಂದು ಬೆಳಿಗ್ಗೆ ಮೈ ಹಗುರವಾಗಿತ್ತು. ಚಾರುಮತಿ ಅಂಗಳ ಗುಡಿಸಿದಳು. ಹೊಳೆಯಿಂದ ನೀರು ತಂದಳು. ಎಲ್ಲರಿಗೂ ಅಡಿಗೆ ಮಾಡಿ ತಾನೇ ಬಡಿಸಿದಳು.

"ಸಾಕು, ಕೂತ್ಕೊಳ್ಳೇ," ಎಂದರು ಅವ್ವ.

"ಇವತ್ತು ಆಗ್ತಾ ಇದೆ ಅವ್ವ. ಆದಾಗಲೇ ಮಾಡಿಬಿಡ್ತೀನಿ."

ಸಂಜೆ ಅವ್ವ ಕಾಯಿಸಿದ ಹಾಲು ತಂದು ಅವಳ ಮುಂದಿಟ್ಟರು. "ಹೆಪ್ಪು ಹಾಕು."

ಚಾರುಮತಿ ಮೊಸರಿನ ಗಡಿಗೆ ನೋಡಿದಳು. ತಳ ಕಾಣುತ್ತಿತ್ತು.

"ಅಯ್ಯೋ, ಬಳಿದು ಬಡಿಸಿಬಿಟ್ಟೆ. ಇರಲಿ, ಪಕ್ಕದ ಮನೆಯಿಂದ ಒಂದು ಚಮಚ ತರ್ತೀನಿ."

"ಮೊಸರನ್ನು ತರಬಹುದು," ಎಂದರು ಅವ್ವ.

ಮರುದಿನ ಚಾರುಮತಿ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಆಗ ಅವಳಿಗೆ ಅವ್ವನ ಮಾತು ಅರ್ಥವಾಯಿತು.

ಅಂದಿನಿಂದ ಅವಳು ಇನ್ನೂ ಆಗುತ್ತದೆ ಎನ್ನುವಾಗಲೇ ಕೆಲಸ ನಿಲ್ಲಿಸತೊಡಗಿದಳು. ಅಂಗಳದ ನಡುವೆ ಪೊರಕೆ ಇಟ್ಟು ಜಗಲಿಯ ಮೇಲೆ ಕೂತುಬಿಡುತ್ತಿದ್ದಳು.

ಜೊತೆಯ ಶಿಷ್ಯ ಶಂಭುಲಿಂಗಪ್ಪನಿಗೆ ಅದು ತಮಾಷೆ. ಅವನು ನಿವೃತ್ತ ಬಸ್ ಕಂಡಕ್ಟರ್.

"ಏನಮ್ಮ ತಂಗಿ, ಸ್ಟಾಪ್ ಇಲ್ಲದ ಕಡೆ ನಿಲ್ಲಿಸಿಬಿಟ್ಟೆ? ಮಿಕ್ಕಿದ್ದನ್ನ ದೇವರು ಬಂದು ಗುಡಿಸ್ತಾನಾ?"

"ನೀವಿದ್ದೀರಲ್ಲ ಅಣ್ಣ."

ಅವನು ಗೊಣಗುತ್ತ ಪೊರಕೆ ಎತ್ತಿಕೊಂಡ.

ಮಳೆಗಾಲ ಹಾಗೇ ಕಳೆಯಿತು. ಚಾರುಮತಿ ಪಾಠ ತಪ್ಪಿಸಲಿಲ್ಲ. ಮುಖದಲ್ಲಿ ಗೆಲುವು ಬಂತು.

ಆಮೇಲೆ ಒಂದು ಬೆಳಿಗ್ಗೆ ಕಾಲು ಎತ್ತಲಾಗಲಿಲ್ಲ. ಹಿಂದಿನ ದಿನ ಅವಳು ಏನೂ ಹೆಚ್ಚು ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಲಗಿದ್ದಳು.

ಚಾಪೆಯ ಮೇಲಿಂದಲೇ ಶಂಭುಲಿಂಗಪ್ಪನನ್ನು ಕರೆದಳು. "ಅಣ್ಣ, ನನ್ನ ಬಟ್ಟೆ ಚೀಲಕ್ಕೆ ತುಂಬಿ. ಮಧ್ಯಾಹ್ನದ ಬಸ್ಸಿಗೆ ಹತ್ತಿಸಿಬಿಡಿ. ನಾನಿನ್ನು ಇಲ್ಲಿರಲ್ಲ."

ಅವನು ನಗಲಿಲ್ಲ. ಓಡಿಹೋಗಿ ಅವ್ವನನ್ನು ಕರೆತಂದ.

ಚಾರುಮತಿ ಅವರ ಮುಖ ನೋಡದೆ ಹೇಳಿದಳು. "ನೀವು ತೋರಿಸಿದ ಹಾಗೇ ನಡ್ಕೊಂಡೆ. ದಿನಾ ಒಂದಿಷ್ಟು ಶಕ್ತಿ ಉಳಿಸಿದೆ. ಆದರೂ ಹೀಗಾಯ್ತು. ನಿಮ್ಮ ಮಾತು ಸುಳ್ಳು."

"ತಂಗೀ!" ಎಂದ ಶಂಭುಲಿಂಗಪ್ಪ.

ಅವ್ವ ಚಾಪೆಯ ಪಕ್ಕ ನೆಲದ ಮೇಲೆ ಕೂತರು. "ಅವಳು ಹೇಳಿದ್ದು ಸರಿ. ನನ್ನ ಮಾತು ಅಲ್ಲಿವರೆಗೆ ಹೋಗಲಿಲ್ಲ. ಈ ಸುಸ್ತು ನನಗೆ ಗೊತ್ತಿಲ್ಲ. ಹೇಗಿರುತ್ತೆ, ಹೇಳು."

"ನಿಮಗೆ ನಾನು ಹೇಳೋದಾ?"

"ಮತ್ತಿನ್ಯಾರು ಹೇಳ್ತಾರೆ?"

ಚಾರುಮತಿ ಕಣ್ಣು ಮುಚ್ಚಿದಳು.

"ನೆಂದ ಕಂಬಳಿ ಹೊದ್ದ ಹಾಗೆ. ಕಿತ್ತು ಹಾಕೋಣ ಅಂದ್ರೆ ಅದೇ ನನ್ನ ಚರ್ಮ. ಪಾತ್ರೆ ಸದ್ದು ತಲೆಯೊಳಗೇ ಆಗುತ್ತೆ. ಹೇಳೋಕೆ ಹೊರಟ ಮಾತು ಅರ್ಧದಲ್ಲಿ... ಅರ್ಧದಲ್ಲಿ..."

ಶಂಭುಲಿಂಗಪ್ಪ ಬಾಯಿ ತೆರೆದ. ಅವ್ವ ಕೈಯೆತ್ತಿ ತಡೆದರು. ಆ ಮಾತು ಅವಳಿಗೇ ಸಿಗಲಿ ಎಂದು ಕಾದರು.

"...ಕಳೆದುಹೋಗುತ್ತೆ."

"ಆಮೇಲೆ?"

"ಆಮೇಲೆ ನಾಚಿಕೆ ಆಗುತ್ತೆ ಅವ್ವ. ಬಿದ್ದುಕೊಂಡೇ ಇರ್ತೀನಲ್ಲ ಅಂತ."

"ಡಾಕ್ಟರು ಅದನ್ನೂ ಕಾಯಿಲೆಯಲ್ಲಿ ಸೇರಿಸಿದ್ದಾರಾ?"

ಚಾರುಮತಿ ಕಣ್ಣು ತೆರೆದು ಅವ್ವನ ಮುಖ ನೋಡಿದಳು.

"ಇಲ್ಲ," ಎಂದಳು. "ಅದನ್ನ ನಾನೇ ಸೇರಿಸಿಕೊಂಡೆ."

ಹೇಳಿದ ಮೇಲೆ ಅವಳ ಹುಬ್ಬು ಸಡಿಲವಾಯಿತು. ಅವ್ವ ಅವಳ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಉಸಿರು ನಿಧಾನವಾಗಿ, ಅವಳಿಗೆ ನಿದ್ದೆ ಹತ್ತಿತು.

ಮಧ್ಯಾಹ್ನ ರಸ್ತೆಯಲ್ಲಿ ಹಾರನ್ ಕೇಳಿಸಿತು.

"ಅವ್ವ, ಬಸ್ಸು ಬಂತು," ಎಂದ ಶಂಭುಲಿಂಗಪ್ಪ. "ತಂಗೀನ ಎಬ್ಬಿಸ್ಲಾ?"

ಅವ್ವ ಕೈ ಕದಲಿಸಲಿಲ್ಲ.

"ಮೆಲ್ಲಗೆ ಮಾತಾಡಪ್ಪ," ಎಂದರು. "ಗುರುಗಳು ಮಲಗಿದ್ದಾರೆ."