ಮೊಣಕಾಲು ನೀರಿನ ಜಟ್ಟಪ್ಪ

ಬಹಳ ಹಿಂದೆ, ನಮ್ಮ ಹೊಳೆ ಇನ್ನೂ ತೆಂಕಕ್ಕೆ ಹೋಗಿ ಕಡಲು ಸೇರುತ್ತಿದ್ದ ಕಾಲದಲ್ಲಿ, ಅದರ ಅಳಿವೆಯ ಬಾಯಲ್ಲಿ ಮೀನುಗಾರರ ಒಂದು ಕೇರಿ ಇತ್ತಂತೆ. ಅಲ್ಲಿ ದುರ್ಗಿ ಎಂಬ ಹೆಂಗಸು ಇದ್ದಳು. ಅವಳ ಗಂಡ ಜಟ್ಟಪ್ಪ. ಮದುವೆಯಾದ ಮರುವರ್ಷವೇ ನೇವಿಗೆ ಸೇರಿದವನು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಹೀಗೆ ಹದಿನೈದು ವರ್ಷ. ಅಷ್ಟರಲ್ಲಿ ಮೂರು ಹೆಣ್ಣುಮಕ್ಕಳಾದವು. ಅಷ್ಟರಲ್ಲೇ ಅಳಿವೆ ದುರ್ಗಿಯ ಅಪ್ಪನನ್ನು ನುಂಗಿತು, ಮೂರು ಮಳೆಗಾಲ ಬಿಟ್ಟು ಅಣ್ಣನನ್ನೂ ನುಂಗಿತು. ಉಳಿದವನು ತಮ್ಮ ಬೊಮ್ಮಯ್ಯ ಒಬ್ಬನೇ.

ನೇವಿ ಬಿಟ್ಟು ಜಟ್ಟಪ್ಪ ಪೆಟ್ಟಿಗೆ ಹೊತ್ತು ಮನೆಗೆ ಬಂದ ದಿನ ದುರ್ಗಿ ಬಾಗಿಲಲ್ಲಿ ಚೊಂಬು ಹಿಡಿದು ನಿಂತಳಂತೆ. ಕಾಲಿಗೆ ನೀರು ಕೊಡಲಿಲ್ಲ.

"ಹದಿನೈದು ವರ್ಷ ನಿನ್ನನ್ನ ಕಡಲಿಗೆ ಕೊಟ್ಟೆ. ಇನ್ನು ಕೊಡೂದಿಲ್ಲ. ಮೊಣಕಾಲಿನ ಮೇಲೆ ಉಪ್ಪುನೀರು ಹತ್ತಿಸೂದಿಲ್ಲ ಅಂತ ಆಣೆ ಮಾಡು. ಆಮೇಲೆ ಒಳಗೆ ಬಾ" ಎಂದಳು.

ಓಣಿಯ ಜನರೆಲ್ಲ ನೋಡುತ್ತಿದ್ದರು. ಜಟ್ಟಪ್ಪ ಪೆಟ್ಟಿಗೆ ಇಳಿಸಿ, ಹಿರಿಮಗಳ ತಲೆ ಮುಟ್ಟಿ ಆಣೆ ಮಾಡಿದ. ಹೆಂಡತಿಗೆ ಹೆದರಿದ ಎಂದು ಕೇರಿ ನಕ್ಕಿತು. ಅವನೂ ನಕ್ಕ, ಕಾಲು ತೊಳೆದು ಒಳಗೆ ಹೋದ.

ಅಂದಿನಿಂದ ಕಡಲು ಅವನ ತೊಡೆಯನ್ನು ಕಂಡಿರಲಿಲ್ಲ ಎನ್ನುತ್ತಾರೆ. ಅವನು ಬಲೆ ಹೆಣೆದ, ದೋಣಿಗೆ ಎಣ್ಣೆ ಬಳಿದ. ದಿನಾ ಬೆಳಿಗ್ಗೆ ಮೂವರು ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ತಲೆ ಬಾಚುತ್ತಿದ್ದ. ಅವನು ಹಾಕಿದ ಜಡೆ ಹಡಗಿನ ಹಗ್ಗದಂತೆ, ವಾರವಾದರೂ ಬಿಚ್ಚುತ್ತಿರಲಿಲ್ಲವಂತೆ. ಮಕ್ಕಳೇ ಅಳುತ್ತಾ ಬಿಚ್ಚಬೇಕಾಗಿತ್ತು. ಬೊಮ್ಮಯ್ಯ ದೋಣಿ ದೂಡುವಾಗಲೆಲ್ಲ ಕೂಗುತ್ತಿದ್ದ: "ಭಾವಾ, ಮೊಣಕಾಲು ನೀರಿಗೆ ಬರೋ ಮೀನು ಏನಾದ್ರೂ ಸಿಕ್ಕಿದ್ರೆ ನಮಗೂ ಎರಡು ಇಡು ಮಾರಾಯಾ!"

ಆದರೆ ಆ ಕೇರಿಗೆ ಅವನು ಮಾಡಿಕೊಟ್ಟದ್ದನ್ನು ದೋಣಿ ನಡೆಸಿದ ಯಾರೂ ಮಾಡಿರಲಿಲ್ಲ. ಅಳಿವೆಯ ತಳದಲ್ಲಿ ಮರಳುದಿಬ್ಬ ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ. ಅದರ ನಡುವೆ ಆಳ ನೀರಿನ ಒಂದು ಕಿರುದಾರಿ ಮಾತ್ರ ಇರುತ್ತದೆ. ಜಟ್ಟಪ್ಪ ಪ್ರತಿ ವರ್ಷ ದಂಡೆಯಲ್ಲೇ ನಿಂತು, ಅಲೆ ಎಲ್ಲಿ ಒಡೆಯುತ್ತದೆ ಎಲ್ಲಿ ಒಡೆಯುವುದಿಲ್ಲ ಎಂದು ಎಂಟು ದಿನ ನೋಡಿ ಎರಡು ಕಂಬ ನೆಡುತ್ತಿದ್ದ. ಒಂದು ನೀರಂಚಿಗೆ, ಇನ್ನೊಂದು ಹಿಂದೆ ಮರಳುದಿಣ್ಣೆಯ ಮೇಲೆ. ಕಡಲಿನಿಂದ ಬರುವವರಿಗೆ ಎರಡು ಕಂಬ ಒಂದಾಗಿ ಕಂಡರೆ ದೋಣಿ ಸರಿದಾರಿಯಲ್ಲಿದೆ ಎಂದು ಅರ್ಥ. ಬೇರೆಬೇರೆಯಾಗಿ ಕಂಡರೆ ದಿಬ್ಬಕ್ಕೆ ಬಡಿಯುತ್ತದೆ. ಮೊದಲು ನಕ್ಕವರೆಲ್ಲ ಒಂದೇ ವರ್ಷದಲ್ಲಿ ಆ ಕಂಬ ನೋಡದೆ ಅಳಿವೆ ದಾಟುವುದನ್ನು ಬಿಟ್ಟರು. ಆರು ವರ್ಷ ಅಳಿವೆ ಯಾರನ್ನೂ ನುಂಗಲಿಲ್ಲವಂತೆ.

ಗಂಡಸರಿಗೆಲ್ಲ ಅವನು ಇದನ್ನು ಹೇಳಿಕೊಟ್ಟಿದ್ದ. ಹೆಂಗಸರಿಗೆ ಹೇಳಿರಲಿಲ್ಲ. ದೋಣಿ ಹತ್ತದವರಿಗೆ ದಾರಿ ಯಾಕೆ ಎಂದು ಯಾರಿಗೂ ತೋಚಿರಲಿಲ್ಲ.

ಏಳನೆಯ ವರ್ಷ, ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ದೋಣಿಗಳು ಹೊರಡುವ ಕಾಲ. ಅಂದು ಬೊಮ್ಮಯ್ಯನದೂ ಸೇರಿ ಐದು ದೋಣಿ ಹೋಗಿದ್ದವು. ಜಟ್ಟಪ್ಪ ಒಣಮೀನು, ತೆಂಗಿನೆಣ್ಣೆ ಕಟ್ಟಿಕೊಂಡು ಬಾಣಂತಿಯಾಗಿದ್ದ ಹಿರಿಮಗಳನ್ನು ನೋಡಲು ಹೊಳೆಯಾಚೆಯ ಅವಳ ಗಂಡನ ಮನೆಗೆ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಎದ್ದಿತು. ಭರತದ ನೀರು ಉಕ್ಕೇರಿ ದಂಡೆಯನ್ನು ಕೊರೆಯತೊಡಗಿತು. ಮೀನು ಒಣಹಾಕಿದ್ದ ದುರ್ಗಿ ಅದನ್ನು ಬಾಚಿ ತೆಗೆಯುವಾಗ, ನೀರಂಚಿನ ಕಂಬ ವಾಲಿ ಬೀಳುವುದನ್ನು ಕಂಡಳು. ಗಂಡ ನೆಟ್ಟ ಕಂಬ ಕೊಚ್ಚಿಹೋಗಬಾರದು ಎಂದು ಓಡಿದಳು. ಒಬ್ಬಳೇ ಅದನ್ನು ಎಳೆದು, ಬಡಗಕ್ಕೆ ಮೂವತ್ತು ಹೆಜ್ಜೆ ಹೊತ್ತು, ಗಟ್ಟಿ ಮರಳಿನಲ್ಲಿ ಹೂತು, ಸುತ್ತ ಕಲ್ಲು ಒಟ್ಟಿದಳು. ಬೆವರು ಒರೆಸಿಕೊಂಡು, ಮೊದಲಿಗಿಂತ ಭದ್ರವಾಯಿತು ಎಂದುಕೊಂಡಳು.

ಜಟ್ಟಪ್ಪ ಹೊಳೆ ದಾಟಿ ಬಂದಾಗ ಐದು ದೋಣಿ ಗಾಳಿಗೆ ಸಿಕ್ಕಿ ಅಳಿವೆಯತ್ತ ಬರುತ್ತಿದ್ದವು. ಅವನು ದೋಣಿ ನೋಡಿದ, ಕಂಬ ನೋಡಿದ. ಕಂಬಗಳನ್ನು ನಂಬಿ ಐದೂ ದೋಣಿ ನೇರ ದಿಬ್ಬಕ್ಕೇ ಮುಖ ಮಾಡಿದ್ದವು.

"ಕಂಬ ಯಾರು ಕಿತ್ತದ್ದು?" ಎಂದು ಕೂಗಿದ.

"ನಾನೇ. ನೀರಿಗೆ ಹೋಗ್ತಿತ್ತು" ಎಂದಳು ದುರ್ಗಿ. ಅವನು ದೋಣಿಗಳತ್ತ ಕೈ ಮಾಡಿ, "ಕಂಬ ನಂಬಿ ದಿಬ್ಬಕ್ಕೇ ಬರ್ತಿದ್ದಾರೆ" ಎಂದ.

ಅವನು ಕಲ್ಲು ಒದ್ದು ಕಂಬ ಕಿತ್ತು ಹೆಗಲಿಗೇರಿಸಿ ಓಡಿದ. ಹಳೆಯ ಜಾಗದಲ್ಲಿ ಈಗ ಮರಳೇ ಇರಲಿಲ್ಲ, ಅಲೆ ಹೊರಳುತ್ತಿತ್ತು. ಹಿಂದಿನ ಕಂಬದ ಹತ್ತಿರಕ್ಕೆ ತಂದು ನೆಡೋಣವೆಂದರೆ, ಎಲ್ಲಿಂದ ನೋಡಿದರೂ ಎರಡು ಕಂಬ ಅಂಟಿಕೊಂಡಂತೆ ಕಂಡು ದಾರಿ ಗೊತ್ತಾಗುವುದಿಲ್ಲ. ಅವನು ನೀರಿಗಿಳಿದ. ಮೊಣಕಾಲು ಮುಳುಗುವಲ್ಲಿಗೆ ಬಂದು ನಿಂತ. ತಿರುಗಿ ನೋಡಿದ.

ದುರ್ಗಿಗೆ ಅಪ್ಪನನ್ನು ತಂದು ಮಲಗಿಸಿದ ಜಾಗ ಅಲ್ಲೇ ಕಾಣುತ್ತಿತ್ತು. ಅಣ್ಣ ಸಿಕ್ಕಿರಲೇ ಇಲ್ಲ. ಈ ಕಡೆ ಗಂಡ, ಆ ಕಡೆ ತಮ್ಮ. ಅವಳು ಕೂಗಿದಳಂತೆ, ಇಡೀ ದಂಡೆಗೆ ಕೇಳುವಂತೆ:

"ಆಣೆ ಇಸ್ಕೊಂಡವಳು ನಾನು, ಬಿಡ್ತಿರೂದೂ ನಾನೇ. ಹೋಗು!"

ಅವನು ಹೋದ. ಎದೆ ಮುಳುಗುವ ನೀರಿನಲ್ಲಿ ಕಂಬವನ್ನು ನೆಟ್ಟಗೆ ಎತ್ತಿಹಿಡಿದು ನಿಂತ. ಅಲೆ ಬಂದಾಗ ಅವನು ಮುಳುಗುತ್ತಿದ್ದ, ಕಂಬ ಮುಳುಗುತ್ತಿರಲಿಲ್ಲವಂತೆ. ಮೂರು ತಾಸು ನಿಂತ ಎನ್ನುವವರಿದ್ದಾರೆ, ಕಡಲೇ ಎರಡು ಪಾಲಾಗಿ ದಾರಿ ಬಿಟ್ಟಿತು ಎನ್ನುವವರೂ ಇದ್ದಾರೆ. ಅಷ್ಟೆಲ್ಲ ಬೇಡ. ಐದು ದೋಣಿ ಒಳಗೆ ಬರುವಷ್ಟು ಹೊತ್ತು ನಿಂತ. ಮೊದಲ ದೋಣಿ ದಿಬ್ಬದಿಂದ, ದೋಣಿ ನೂಕುವ ಒಂದು ಗಳುವಿನಷ್ಟು ದೂರದಲ್ಲಿ ತಿರುಗಿತು, ಉಳಿದವು ಅದರ ಹಿಂದೆ ಬಂದವು. ಬೊಮ್ಮಯ್ಯನದು ಕೊನೆಯದು. ಭಾವನನ್ನು ಕಂಕುಳಿಗೆ ಕೈಹಾಕಿ ದೋಣಿಗೆ ಎಳೆದುಕೊಂಡವನೂ ಅವನೇ.

ದಂಡೆಯಲ್ಲಿ ದುರ್ಗಿ ಎಲ್ಲರೆದುರು, ಕಂಬ ಸರಿಸಿದವಳು ನಾನು ಎಂದು ಬಾಯಿಬಿಟ್ಟು ಹೇಳಿದಳು. ಜಟ್ಟಪ್ಪ ಉಪ್ಪುನೀರು ಕಕ್ಕುತ್ತಲೇ ತಡೆದ. "ತಪ್ಪು ನಂದು. ಊರಿಗೆಲ್ಲ ಕಲಿಸಿದೆ, ಮನೆಯವಳಿಗೆ ಕಲಿಸಲಿಲ್ಲ" ಎಂದ. ಮರುದಿನವೇ ಕೇರಿಯ ಹೆಂಗಸರನ್ನೆಲ್ಲ ದೋಣಿ ಹತ್ತಿಸಿ, ಕಡಲಿಗೆ ಒಯ್ದು, ಎರಡು ಕಂಬ ಒಂದಾಗುವುದನ್ನು ತೋರಿಸಿದರು. ಜಟ್ಟಪ್ಪ ಹೋಗಲಿಲ್ಲ. ಆಣೆ ಬಿಟ್ಟದ್ದು ಒಂದು ದಿನಕ್ಕೆ ಮಾತ್ರ ಎಂದು ದುರ್ಗಿ ಹೇಳಿದ್ದಳು. ಆಮೇಲೂ ಅವನು ಬಹಳ ವರ್ಷ ಬದುಕಿ, ಮೊಮ್ಮಕ್ಕಳ ಜಡೆಯನ್ನೂ ಹಾಕಿ, ಮನೆಯ ಚಾಪೆಯ ಮೇಲೆ ಕಣ್ಣು ಮುಚ್ಚಿದ.

ಈಗಲೂ ಆ ಕಡೆ ಹುಡುಗಿಯರಿಗೆ ಬಲೆ ಹೆಣೆಯಲು ಕಲಿಸುವ ಮೊದಲು ಕಂಬದ ಗೆರೆ ಕಲಿಸುತ್ತಾರೆ. ಪ್ರತಿ ವರ್ಷ ನೂಲಹುಣ್ಣಿಮೆ ಕಳೆದು ಹೊಸ ಕಂಬ ನೆಡುವಾಗ, ನೆಡುವವನು ಮೊಣಕಾಲು ನೀರಿನಲ್ಲಿ ನಿಂತು ಹಿಂದಿರುಗಿ ನೋಡಬೇಕು. ದಂಡೆಯಲ್ಲಿ ನಿಂತ ಅವನ ಹೆಂಡತಿ ಹೋಗು ಎನ್ನಬೇಕು. ಅಲ್ಲಿಯವರೆಗೆ ಯಾವ ದೋಣಿಯೂ ಹೊರಡುವುದಿಲ್ಲ. ಒಂದು ವರ್ಷ ಒಬ್ಬಳು, ಹಿಂದಿನ ದಿನ ಗಂಡನೊಡನೆ ಜಗಳವಾಡಿದ್ದವಳು, ಸೆರಗು ಬಿಗಿದು ಬಾಯಿ ಬಿಡದೆ ನಿಂತಳಂತೆ. ಬಿಸಿಲೇರಿತು. ಗಂಡ ನೀರಲ್ಲಿ ನಿಂತೇ ಇದ್ದ, ಹನ್ನೆರಡು ದೋಣಿ ಸಾಲಾಗಿ ಕಾದವು. ಬೇಗ ಹೇಳು ಎಂದು ಅವಳಿಗೆ ಯಾರೂ ಹೇಳಲಿಲ್ಲ.