ನೇರಳಗುಡ್ಡದ ಮೀಸಲು

ನೇರಳಗುಡ್ಡದ ಶ್ರೀ ಶಾಂತಲಿಂಗಜ್ಜಯ್ಯನವರಿಗೆ ಮಠವಿರಲಿಲ್ಲ, ಪೀಠವೂ ಇರಲಿಲ್ಲ. ಗುಡ್ಡದ ಬುಡದಲ್ಲಿ ನಾಲ್ಕು ಕಂಬದ ಹಳೆಯ ಕಲ್ಲುಮಂಟಪ, ಅದರ ಹಿಂದೊಂದು ಕೊಟ್ಟಿಗೆ, ಇಷ್ಟೇ. ದುಡಿದು ಮುದಿಯಾದ ಎತ್ತುಗಳನ್ನು, ಗೊಡ್ಡಾದ ಹಸುಗಳನ್ನು ಸಂತೆಗೆ ಹೊಡೆಯಲು ಮನಸ್ಸು ಬಾರದವರು ತಂದು ಅವರ ಬಳಿ ಬಿಟ್ಟು ಹೋಗುತ್ತಿದ್ದರು. ಪೂಜ್ಯರು ಬೆಳಗಿನ ಲಿಂಗಪೂಜೆ ಮುಗಿಸಿ, ಕೊಟ್ಟಿಗೆಯ ಸೆಗಣಿ ಬಾಚಿ, ಆಮೇಲೆ ಪ್ರಸಾದ ಸ್ವೀಕರಿಸುತ್ತಿದ್ದರು. ಪಾದಕ್ಕೆರಗಲು ಬಂದ ಭಕ್ತರು ಸೆಗಣಿ ಬುಟ್ಟಿಗೂ ಒಂದು ಕೈ ಕೊಡಬೇಕಾಗುತ್ತಿತ್ತು. ಆ ಭಯಕ್ಕೆ ಕೆಲವು ದೊಡ್ಡ ಮನುಷ್ಯರು ದೂರದಿಂದಲೇ ಕೈ ಮುಗಿದು ಹೋಗುತ್ತಿದ್ದರೆಂದು ಪಕ್ಕದ ಗೊಲ್ಲರಹಟ್ಟಿಯವರು ಇಂದಿಗೂ ಹೇಳಿ ನಗುತ್ತಾರೆ.

ಆ ಕಾಲದಲ್ಲಿ ನೇರಳಗುಡ್ಡದ ಸರ್ಕಾರಿ ಕಾಡಿಗೆ ರುದ್ರಮುನಿ ಎಂಬ ಗಾರ್ಡು ಬಂದಿದ್ದ. ಮನುಷ್ಯ ಪ್ರಾಮಾಣಿಕ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗುಡ್ಡವೆಲ್ಲ ಬೋಳಾಗಿ ಕಲ್ಲು ಕಾಣುತ್ತಿದ್ದುದನ್ನು ನೋಡಲಾರದೆ ಅವನು ಎರಡು ವರ್ಷ ಹೊಂಗೆ, ಕಮರ, ನೇರಳೆ ಸಸಿಗಳನ್ನು ನೆಡಿಸಿದ್ದ. ಎರಡು ವರ್ಷವೂ ಗೊಲ್ಲರಹಟ್ಟಿಯ ದನಗಳು ಮೊದಲ ಮಳೆಯ ಎಳೆಹುಲ್ಲಿನ ಜೊತೆಗೆ ಸಸಿಗಳನ್ನೂ ಬುಡಸಮೇತ ಮೇಯ್ದಿದ್ದವು. ಅವನು ಚಾಪೆಯ ಕೆಳಗೆ ತೂರಿದರೆ ಹಟ್ಟಿಯವರು ರಂಗೋಲಿಯ ಕೆಳಗೆ ತೂರುತ್ತಿದ್ದರು. ಕಂದಕ ತೋಡಿಸಿದರೆ ಮಣ್ಣು ತುಂಬಿದರು, ಮುಳ್ಳುಬೇಲಿ ಹಾಕಿಸಿದರೆ ಒಲೆಗೆ ಹಾಕಿದರು. ಮೂರನೆಯ ವರ್ಷ ರುದ್ರಮುನಿ ಇಡೀ ಗುಡ್ಡಕ್ಕೇ ದನ ಹತ್ತಬಾರದೆಂದು ತಡೆ ಹಾಕಿದ. ಈ ಸಲವೂ ಸಸಿ ಉಳಿಯದಿದ್ದರೆ ಅವನ ನೌಕರಿ ಉಳಿಯುವುದಿಲ್ಲವೆಂದು ಮೇಲಿನವರು ಹೇಳಿ ಕಳಿಸಿದ್ದರು.

ಹಟ್ಟಿಯ ಯಜಮಾನ ಚಿತ್ತಯ್ಯನಿಗೆ ತಡೆಯ ಸುದ್ದಿ ತಿಳಿದ ದಿನವೇ ಜಗಳ ಹತ್ತಿತು. ಯಾರೋ ಎಸೆದ ಕಲ್ಲು ರುದ್ರಮುನಿಯ ಹಣೆಗೆ ಬಿತ್ತು. ರಕ್ತ ಒರೆಸಿಕೊಳ್ಳುತ್ತ ಅವನು ಹಟ್ಟಿಯ ನಡುವೆ ನಿಂತು ಕೂಗಿದ: "ನಾಳೆ ಬೆಳಗ್ಗೆ ಗುಡ್ಡದಾಗೆ ಮೊದ್ಲು ಕಂಡ ದನ ಯಾರ್ದೇ ಆಗ್ಲಿ, ದೊಡ್ಡಿಗೆ ಕೂಡ್ತೀನಿ. ನಮ್ಮಪ್ಪನ ಮನೇದಾದ್ರೂ ಬಿಡಲ್ಲ."

ಚಿತ್ತಯ್ಯ ಕೊಡಲಿಯ ಕಾವನ್ನು ನೆಲಕ್ಕೂರಿ, "ಕೂಡು ನೋಡಾನ. ದೊಡ್ಡಿ ಬಾಗ್ಲೂ ಇರಲ್ಲ, ನಿನ್ ತಲೇನೂ ಇರಲ್ಲ" ಎಂದ. ಈ ಮಾತುಗಳು ಸಂಜೆಯೊಳಗೆ ಕಲ್ಲುಮಂಟಪಕ್ಕೂ ಮುಟ್ಟಿದವು. ಅಜ್ಜಯ್ಯನವರು ಕೇಳಿಸಿಕೊಂಡು ಕೊಟ್ಟಿಗೆಯ ಕಡೆ ನಡೆದರು.

ಮರುದಿನ ಬೆಳಗಾಗುತ್ತಲೇ ರುದ್ರಮುನಿ ಹಣೆಗೆ ಪಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿದ. ಸಸಿಗಳ ನಡುವೆ ಒಂದೇ ಒಂದು ಎತ್ತು ನಿಂತಿತ್ತು. ಮೇಯುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಅಜ್ಜಯ್ಯನವರ ಕೊಟ್ಟಿಗೆಯ ಕುಂಟೆತ್ತು ಭೈರ. ರುದ್ರಮುನಿ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಆಡಿದ ಮಾತು ಆಡಿಯಾಗಿತ್ತು. ಮೊದಲಿನಿಂದಲೂ ಅವನಿಗೆ ಕಾವಿ ಬಟ್ಟೆಯ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಹಟ್ಟಿಯವರಿಗೆ ಧೈರ್ಯ ತುಂಬುವವರು ಈ ಸ್ವಾಮಿಗಳೇ ಇರಬೇಕೆಂದು ಅವನ ಗುಮಾನಿ. ಎತ್ತನ್ನು ಹೊಡೆದುಕೊಂಡು ನೇರ ಮಂಟಪಕ್ಕೆ ಬಂದ.

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳಾನ ಅಜ್ಜಾರೆ? ನಿಮ್ಮೆತ್ತು ಸಸಿ ನಡುವೆ ನಿಂತಿತ್ತು."

ಪೂಜ್ಯರು ಸೆಗಣಿಯ ಕೈ ತೊಳೆದುಕೊಂಡು ಬಂದರು. "ತಪ್ಪು ಭೈರಂದಲ್ಲ ಮಗಾ, ನಮ್ಮದು. ನಿನ್ನ ಮಾತು ಕೆಡಬಾರದು, ನಡಿ" ಎಂದು ಎತ್ತಿನ ಹಗ್ಗವನ್ನು ತಾವೇ ಹಿಡಿದು ಮುಂದೆ ನಡೆದರು.

ದೊಡ್ಡಿ ಇದ್ದದ್ದು ಗಾರ್ಡಿನ ಮನೆಯ ಪಕ್ಕದಲ್ಲಿ, ಎದೆಯೆತ್ತರದ ಕಲ್ಲುಗೋಡೆ, ಒಂದು ಮರದ ಬಾಗಿಲು. ಅಜ್ಜಯ್ಯನವರು ಭೈರನೊಂದಿಗೆ ಒಳಗೆ ಹೋಗಿ, ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತರು. ಹೊರಗೆ ಬರಬೇಕೆಂದು ರುದ್ರಮುನಿ ಮೂರು ಸಲ ಕೇಳಿಕೊಂಡ. "ತಪ್ಪು ಮಾಡಿದವರು ಒಳಗಿರಬೇಕಲ್ಲವೇ? ಬೀಗ ಹಾಕು" ಎಂದರು. ಕಳ್ಳರಿಗೆ, ಕಟುಕರಿಗೆ ಹೆದರದ ಗಾರ್ಡು ಮುಖ ಆಚೆ ತಿರುಗಿಸಿಕೊಂಡು ಬೀಗ ಹಾಕಿದ.

ಹೊತ್ತು ನೆತ್ತಿಗೇರುವಷ್ಟರಲ್ಲಿ ಇಡೀ ಹಟ್ಟಿ ಬಂದು ನಿಂತಿತು. ಗಂಡಸರ ಕೈಯಲ್ಲಿ ಕೊಡಲಿ, ಹೆಂಗಸರ ಬಾಯಲ್ಲಿ ಶಾಪ. ರುದ್ರಮುನಿ ದೊಡ್ಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಪಕ್ಕದ ಮನೆಯೊಳಗೆ ಹೆಂಡತಿ ಮಗಳನ್ನು ಅಪ್ಪಿಕೊಂಡು ಕುಳಿತಿದ್ದು ಅವನಿಗೆ ಕಿಟಕಿಯಲ್ಲಿ ಕಾಣುತ್ತಿತ್ತು. ಇವತ್ತಿಗೆ ತನ್ನ ಕಥೆ ಮುಗಿಯಿತೆಂದೇ ಅವನು ತಿಳಿದ.

ಆಗ ಗೋಡೆಯೊಳಗಿಂದ ಧ್ವನಿ ಬಂತು. "ಚಿತ್ತಯ್ಯಾ, ಕೊಡಲಿ ಕೆಳಗಿಡು. ನಮ್ಮನ್ನು ಕೂಡಿದವನು ಅವನಲ್ಲ, ನಾವೇ ಬಂದು ಕುಂತಿದ್ದೀವಿ."

ಕೊಡಲಿಗಳು ಒಂದೊಂದಾಗಿ ನೆಲಕ್ಕಿಳಿದವು. ಚಿತ್ತಯ್ಯ ಗೋಡೆಯ ಬಳಿ ಬಂದ. ಕೋಪ ಅಳುವಾಗಿ ಹೋಗಿತ್ತು. "ಗುಡ್ಡ ಪೂರಾ ಮುಚ್ಚವ್ನೆ ಅಜ್ಜಯ್ಯ. ನಮ್ ದನ ಏನ್ ತಿನ್ಬೇಕು, ಕಲ್ಲು ತಿಂತಾವಾ?"

ರುದ್ರಮುನಿ ತಡೆಯದೆ ಹೇಳಿದ: "ತೆನೆ ಒಡೆಯಾಕೂ ಬಿಡಲ್ಲ ಇವ್ರು ಹುಲ್ಲನ್ನ. ಬೀಜನೇ ಬೀಳದಿದ್ರೆ ಮುಂದಿನ್ ವರ್ಷ ಹುಲ್ಲು ಎಲ್ಲಿಂದ ಬರ್ಬೇಕು ಅಜ್ಜಾರೆ?"

ಪೂಜ್ಯರು ಇಬ್ಬರ ಮಾತನ್ನೂ ಕೇಳಿದರು. ಭೈರನ ಗಂಗೆದೊಗಲನ್ನು ಸವರುತ್ತ ಕೇಳಿದರು: "ಚಿತ್ತಯ್ಯಾ, ನಿಮ್ಮ ಹಟ್ಟಿಯಲ್ಲಿ ಹಸು ಈದರೆ ಹಾಲು ಯಾರಿಗೆ?"

"ಮೊದ್ಲು ಕರುವಿಗೆ. ಅದು ಕುಡಿದು ಮಿಕ್ಕಿದ್ದು ದೇವರ ಮೀಸಲು. ಮೀಸಲು ಸಲ್ಲಿಸಾವರ್ಗೂ ಮನೆಮಂದಿ ಒಂದು ತೊಟ್ಟೂ ಬಾಯಿಗಿಡಲ್ಲ."

"ಮಕ್ಕಳು ಹಸಿದು ಅತ್ತರೆ?"

"ಅತ್ರೂ ಇಲ್ಲ ಅಜ್ಜಯ್ಯ. ಮೀಸಲು ಮುರಿದ್ರೆ ಕೆಚ್ಚಲು ಬತ್ತುತ್ತೆ."

"ಗುಡ್ಡ ಈದಿದೆ ಚಿತ್ತಯ್ಯಾ" ಎಂದರು ಅಜ್ಜಯ್ಯನವರು. "ಎರಡು ವರ್ಷದಿಂದ ನೀವು ಅದರ ಮೊದಲ ಹಾಲನ್ನೇ ಕರೆದುಕೊಳ್ತಾ ಇದ್ದೀರಿ."

ಚಿತ್ತಯ್ಯ ನಿಂತಲ್ಲೇ ತಲೆ ತಗ್ಗಿಸಿದ. ತಾನು ಗೆದ್ದೆನೆಂದು ರುದ್ರಮುನಿಗೆ ಒಳಗೊಳಗೇ ಹಿಗ್ಗಾಗುವಷ್ಟರಲ್ಲಿ ಪೂಜ್ಯರು ಅವನ ಕಡೆ ತಿರುಗಿದರು.

"ಮಗಾ, ದೇವರಾದರೂ ಮೀಸಲು ಮುಗಿದ ಮೇಲೆ ಹಾಲನ್ನು ಮನೆಗೆ ಬಿಡ್ತಾನೆ. ನೀನು ದೇವರಿಗಿಂತ ಬಿಗಿಯಾದೆಯಲ್ಲಾ."

ರುದ್ರಮುನಿಗೆ ಹಿಂದಿನ ಬೇಸಿಗೆಯಲ್ಲಿ ತಾನು ಕಾದು ಉಳಿಸಿದ್ದ ಒಂದು ಮೂಲೆಯ ಹುಲ್ಲೆಲ್ಲ ಯಾರಿಗೂ ಒದಗದೆ ಒಣಗಿ, ಬೆಂಕಿ ಹತ್ತಿ ಬೂದಿಯಾದದ್ದು ನೆನಪಾಯಿತು. ಅವನು ಬೀಗ ತೆಗೆದ. ಯಾರೂ ಹೇಳದಿದ್ದರೂ ಕಾಲಿನ ಬೂಟು ಬಿಚ್ಚಿಟ್ಟು ಒಳಗೆ ಹೋಗಿ, ಪೂಜ್ಯರ ಪಾದದ ಬಳಿ ಕುಳಿತ.

ಮರುದಿನ ಹಟ್ಟಿಯ ಹೆಂಗಸರು ಮೀಸಲಿನ ಗುರುತಾಗಿ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ, ಗುಡ್ಡದ ಮೇಲಿನ ಮಗ್ಗುಲಿಗೆ ಹೋಗುವ ಕಾಲುದಾರಿಯ ಎರಡೂ ಪಕ್ಕ ಅಳಿದುಳಿದ ಮರಗಳಿಗೆ ಬಿಗಿದರು. ಮೇಲಿನ ಮಗ್ಗುಲು ಮೀಸಲು, ಕೆಳಗಿನ ಮಗ್ಗುಲು ಮೇವು. ಮೇಲಧಿಕಾರಿಗಳ ಬಳಿಗೆ ಹೋಗಿ ಕೈಕಾಲು ಹಿಡಿದು ಇದಕ್ಕೆ ಒಪ್ಪಿಗೆ ತಂದವನು ರುದ್ರಮುನಿಯೇ. ಕಂದಕಕ್ಕೆ, ಮುಳ್ಳುಬೇಲಿಗೆ ಬಗ್ಗದ ಹಟ್ಟಿ ಒಂದೆಳೆ ದಾರವನ್ನು ದಾಟಲಿಲ್ಲ. ಗಾರ್ಡು ಮಾತ್ರ ಮೊದಮೊದಲು ನಂಬಿಕೆ ಸಾಲದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ದಾರ ದಾಟಲು ಹೋದ ಹೋರಿಕರುವನ್ನು ಚಿತ್ತಯ್ಯನ ಮುದುಕಿ ತಾಯಿ ಕೋಲು ಹಿಡಿದು ಅಟ್ಟಿಸಿಕೊಂಡು ಬಂದದ್ದನ್ನು ಕಂಡ ದಿನ, ಅವನು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದ.

ದೀಪಾವಳಿಯ ಹೊತ್ತಿಗೆ ಮೇಲಿನ ಮಗ್ಗುಲಲ್ಲಿ ಹುಲ್ಲು ಸೊಂಟದವರೆಗೆ ಬೆಳೆದು, ತೆನೆ ಮಾಗಿ, ಬೀಜ ಉದುರಿತು. ನಡುವೆ ಹೊಂಗೆಯ ಸಸಿಗಳು ತಲೆಯೆತ್ತಿ ನಿಂತಿದ್ದವು. ಚಿತ್ತಯ್ಯ ಗುಡ್ಡಕ್ಕೆ ಹಾಲೆರೆದು ದಾರ ಬಿಚ್ಚಿದ. ಕುಡುಗೋಲು ಹಿಡಿದು ಹಟ್ಟಿಗೆ ಹಟ್ಟಿಯೇ ಹುಲ್ಲು ಕೊಯ್ಯಲು ಇಳಿಯಿತು. ಮೊದಲ ಹೊರೆ ಭೈರನಿಗೆ ಸಲ್ಲಬೇಕೆಂದು ರುದ್ರಮುನಿ ಹಠ ಹಿಡಿದು, ತಾನೇ ತಲೆಯ ಮೇಲೆ ಹೊತ್ತು ಮಂಟಪಕ್ಕೆ ಬಂದ.

ಭೈರ ಹುಲ್ಲನ್ನು ಮೂಸಿದ. ಬಾಯಿ ಹಾಕಲಿಲ್ಲ.

"ಅದಕ್ಕೆ ಹಲ್ಲೆಲ್ಲಿದೆ ಮಗಾ? ಬಿದ್ದು ಎರಡು ವರ್ಷವಾಯಿತು. ನೆನೆಸಿದ ಹಿಂಡಿಯಲ್ಲೇ ಜೀವ ಹಿಡಿದಿದೆ" ಎಂದರು ಪೂಜ್ಯರು.

ರುದ್ರಮುನಿ ಎತ್ತನ್ನು ನೋಡಿದ, ಅದರ ಊದಿದ ಹಿಂಗಾಲನ್ನು ನೋಡಿದ, ಗುಡ್ಡವನ್ನೂ ನೋಡಿದ. "ಅಜ್ಜಾರೆ, ಹಲ್ಲಿಲ್ಲದ ಕುಂಟೆತ್ತು ಅವತ್ತು ಅಷ್ಟು ಮೇಲಕ್ಕೆ ಹುಲ್ಲು ಮೇಯಾಕೆ ಹೆಂಗ್ ಬಂತು?"

ಅಜ್ಜಯ್ಯನವರು ಸೆಗಣಿ ಬುಟ್ಟಿ ಎತ್ತಿಕೊಳ್ಳುತ್ತ ನಕ್ಕರು. "ತಪ್ಪು ನಮ್ಮದು ಅಂತ ಅವತ್ತೇ ಹೇಳಿದ್ದೆವಲ್ಲ. ಮೊದಲು ಕಂಡ ದನವನ್ನು ಕೂಡ್ತೀನಿ ಅಂದಿದ್ದೆ. ಚಿತ್ತಯ್ಯನ ದನ ಸಿಕ್ಕಿದ್ದರೆ ನಿನ್ನ ಮಗಳ ಗತಿ ಏನಾಗ್ತಿತ್ತು? ಕತ್ತಲು ಹರಿಯೋ ಮುಂಚೆ ಹೊರಟರೂ, ಭೈರನನ್ನು ನೂಕಿ ನೂಕಿ ಹತ್ತಿಸುವಷ್ಟರಲ್ಲಿ ನಮ್ಮ ಸೊಂಟ ಹೋಗಿತ್ತು."

ರುದ್ರಮುನಿ ಕಣ್ಣೊರೆಸಿಕೊಂಡು, ಪೂಜ್ಯರ ಕೈಯಿಂದ ಸೆಗಣಿ ಬುಟ್ಟಿಯನ್ನು ಇಸಿದುಕೊಂಡ. ನೌಕರಿಯಿಂದ ನಿವೃತ್ತನಾದ ಮೇಲೂ, ಪೂಜ್ಯರು ಲಿಂಗೈಕ್ಯರಾದ ಮೇಲೂ, ಅವನು ಆ ಬುಟ್ಟಿಯನ್ನು ಬೇರೆ ಯಾರಿಗೂ ಕೊಡಲಿಲ್ಲ.